ಬಸ್ಸಿನ ಬೆನ್ನ ಮೇಲಿನ ಸ್ಕೋರು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಬುಕಿಂಗ್ ಏಜೆಂಟನಾಗಿದ್ದ ಬೀರಲಿಂಗಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಪಾಪಯ್ಯನ ಹೋಟೆಲಿನ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಶುರುವಾಯಿತೆಂದರೆ ಎಲ್ಲರೂ ಅವನ ಬಾಯಿಯನ್ನೇ ನೋಡಬೇಕು. ಅಂಕಿಗಳು ಗೊತ್ತಿದ್ದವು, ಔಟ್ ಅಂದರೆ ಗೊತ್ತಿತ್ತು, ಫೋರ್ ಅಂದರೆ ಗೊತ್ತಿತ್ತು. ಮಿಕ್ಕಿದ್ದನ್ನು ಜನರ ಗದ್ದಲದ ಏರಿಳಿತ ಕೇಳಿ ತಾನೇ ಕಟ್ಟಿ ಹೇಳುತ್ತಿದ್ದ. ಅವನು ಹೇಳಿದ್ದಕ್ಕೂ ಮಾರನೆಯ ದಿನದ ಪೇಪರಿಗೂ ತಾಳೆಯಾಗದಿದ್ದರೆ, ಪೇಪರಿನವನಿಗೆ ಬುದ್ಧಿ ಇಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದ.

ಅದು ಐವತ್ತೊಂಬತ್ತನೇ ಇಸವಿಯ ಡಿಸೆಂಬರು. ಆಸ್ಟ್ರೇಲಿಯಾದವರು ಡೆಲ್ಲಿಯಲ್ಲಿ ನಮ್ಮವರನ್ನು ಒಂದು ಇನ್ನಿಂಗ್ಸಿನ ಮೇಲೆ ನೂರಿಪ್ಪತ್ತೇಳು ರನ್ನಿನಿಂದ ಹಣ್ಣುಗಾಯಿ ನೀರುಗಾಯಿ ಮಾಡಿದ್ದರು. ಮಾರನೆಯ ದಿನವೇ ಅರಕಲಗೂಡಿನಿಂದ ಬೀಗ ಮಾದಯ್ಯ ಬಂದಿಳಿದ. ಬೀರಲಿಂಗಯ್ಯನ ಮಗಳು ವಿಜಯಮ್ಮ ಬಾಣಂತನಕ್ಕೆ ತವರಿನಲ್ಲಿದ್ದಳು, ಎರಡು ತಿಂಗಳ ಹೆಣ್ಣು ಕೂಸು. ಮೊಮ್ಮಗಳನ್ನು ನೋಡಲು ಬಂದೆ ಅಂತ ಮಾದಯ್ಯ ಹೇಳಿದ. ಆದರೆ ತೊಟ್ಟಿಲ ಹತ್ತಿರ ಹೋಗುವ ಮೊದಲು ಜಗಲಿಯ ಮೇಲೆ ಬೀಗನ ಪಕ್ಕ ಕೂತು ಎಲೆಯಡಿಕೆ ಬಿಚ್ಚಿದ.

"ಏನ್ ಬೀಗ್ರೆ, ನಿಮ್ಮೋರು ಡೆಲ್ಲೀಲಿ ಚೆನ್ನಾಗಿ ಮಕ್ಕಂಡ್ರಂತೆ?"

"ಕಾನ್ಪುರ ಇನ್ನೂ ಬಾಕಿ ಐತೆ ಕಣ್ರೀ. ಅಲ್ಲಿ ನೋಡೀರಂತೆ."

"ಇನ್ನೇನ್ ನೋಡಾದು? ಎತ್ಕಂಡು ಓಗಾಕೆ ನಾಕ್ ಜನ ಬೇಕು, ಅಷ್ಟೇಯ."

ನಿಜ ಹೇಳಬೇಕೆಂದರೆ ಮಾದಯ್ಯನಿಗೆ ಆಸ್ಟ್ರೇಲಿಯಾ ಯಾವ ದಿಕ್ಕಿಗಿದೆ ಎನ್ನುವುದೂ ಗೊತ್ತಿರಲಿಲ್ಲ. ಅವನು ದರ್ಜಿ, ಅರಕಲಗೂಡು ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಅಂಗಡಿ. ಬೀಗ ಹೌದು ಅಂದರೆ ತಾನು ಅಲ್ಲ ಅನ್ನಬೇಕು, ಅದೊಂದೇ ಅವನ ಪಕ್ಷ. ಬೀಗರೂಟದ ದಿನ ಬೀರಲಿಂಗಯ್ಯ ಅವನ ಎಲೆಗೆ ಉಪ್ಪಿನ ಮೇಲೆ ಉಪ್ಪು ಬಡಿಸಿ ಶುರು ಮಾಡಿದ ಚೇಷ್ಟೆ, ಎರಡು ವರ್ಷ ಕಳೆದರೂ ಇಬ್ಬರಲ್ಲಿ ಯಾರೂ ನಿಲ್ಲಿಸಲು ತಯಾರಿರಲಿಲ್ಲ.

ಬೀರಲಿಂಗಯ್ಯನ ಅಕ್ಕ ಸುಬ್ಬಮ್ಮ ಕಾಫಿ ತಂದಿಟ್ಟು, "ಆಟ ಆಮೇಲೆ ಆಡ್ಕಳಿ. ಕೂಸಿಗೆ ಎಸ್ರು ಇಡಾದು ಯಾವಾಗ?" ಎಂದಳು.

ಮೊದಲ ಮಗುವಿಗೆ ಹೆಸರಿಡುವ ಹಕ್ಕು ಅವರಲ್ಲಿ ತಂದೆಯ ಮನೆಯವರದು. ಮಾದಯ್ಯ ತೀರಿಹೋದ ತನ್ನ ತಾಯಿಯ ಹೆಸರು ಹೇಳಿದ. "ಚಿಕ್ಕಲಕ್ಷ್ಮಮ್ಮ."

ಬೀರಲಿಂಗಯ್ಯ ಒಳಗಿನ ತೊಟ್ಟಿಲ ಕಡೆ ನೋಡಿದ. ಅವನ ಹೆಂಡತಿ ಮರಿಯಮ್ಮ ಸತ್ತು ಮೂರು ವರ್ಷವಾಗಿತ್ತು. ಮಗಳ ಮದುವೆಗೆಂದು ಅವಳೇ ಆರಿಸಿಟ್ಟಿದ್ದ ಸೀರೆಯನ್ನು ಮಗಳು ಉಟ್ಟಿದ್ದನ್ನು ಅವಳು ನೋಡಲಿಲ್ಲ. ಕೂಸು ಹುಟ್ಟಿದಂದಿನಿಂದ ಬೀರಲಿಂಗಯ್ಯ, ಯಾರೂ ಇಲ್ಲದಾಗ ತೊಟ್ಟಿಲ ಮೇಲೆ ಬಗ್ಗಿ ಹೆಂಡತಿಯ ಹೆಸರನ್ನು ಮೆಲ್ಲಗೆ ಕರೆದು ನೋಡುತ್ತಿದ್ದ. ಈ ಮನೆಯಲ್ಲಿ ಆ ಹೆಸರನ್ನು ಮತ್ತೆ ಗಟ್ಟಿಯಾಗಿ ಕೂಗಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದನ್ನು ಬೀಗನ ಮುಂದೆ ಕೈಯೊಡ್ಡಿ ಕೇಳುವ ಧೈರ್ಯವೇ ಬರಲಿಲ್ಲ. ಕೇಳುವ ಬದಲು ಜಿದ್ದಿಗೆ ಬಿದ್ದ.

"ಪಂದ್ಯ ಕಟ್ಟಾಣ ಬೀಗ್ರೆ. ಕಾನ್ಪುರದಲ್ಲಿ ಇಂಡಿಯಾ ಗೆದ್ರೆ ಕೂಸಿಗೆ ನಮ್ಮ ಮರಿಯಮ್ಮನ ಎಸ್ರು. ಸೋತ್ರೆ, ಸಮ ಆದ್ರೂ ಸೈತ, ನಿಮ್ಮಿಷ್ಟ."

ಮಾದಯ್ಯ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಆಗ್ಲಿ. ಆದ್ರೆ ನಮ್ಮಂಗ್ಡಿ ತಾವ ರೇಡಿಯೋ ಇಲ್ಲ. ಪೇಪರ್ರು ಬರಾದು ಮಾರ್ನೆ ದಿನ. ನಡುವೆ ನೀವು ಇಲ್ಲಿ ಏನೇನ್ ಕತೆ ಕಟ್ತೀರೋ ನಂಗೆಂಗ್ ಗೊತ್ತಾಗ್ಬೇಕು?"

ಕತೆ ಕಟ್ಟುತ್ತೀರಿ ಅಂದದ್ದು ಬೀರಲಿಂಗಯ್ಯನಿಗೆ ಚುರುಕ್ಕೆಂದಿತು. "ಲಕ್ಕಯ್ಯನ ಬಸ್ಸು ದಿನಕ್ಕೆ ಎಲ್ಡು ಸಲ ನಿಮ್ಮೂರಿಗೆ ಬತ್ತದೆ. ಅದ್ರ ಇಂದ್ಗಡೆ ಸೀಮೆಸುಣ್ಣದಾಗೆ ನಾನೇ ಬರ್ದು ಕಳಿಸ್ತೀನಿ. ಬಸ್ಸಿನ ಮ್ಯಾಲೆ ಏನೈತೋ ಅದೇ ಸ್ಕೋರು. ಪೇಪರ್ರೂ ಬ್ಯಾಡ, ರೇಡಿಯೋನೂ ಬ್ಯಾಡ. ಅಕ್ಕಯ್ಯ, ನೀನೇ ಸಾಕ್ಷಿ."

"ನಂಗೇನ್ ಬ್ಯಾರೆ ಕ್ಯಾಮೆ ಇಲ್ವಾ?" ಎಂದು ಸುಬ್ಬಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಆದರೆ ಕಿವಿ ಇಲ್ಲೇ ಇತ್ತು.

ಶನಿವಾರ ಆಟ ಶುರುವಾಯಿತು, ಇಂಡಿಯಾ ನೂರೈವತ್ತೆರಡಕ್ಕೆ ಮಡಚಿಕೊಂಡಿತು. ಬೀರಲಿಂಗಯ್ಯ ಹಲ್ಲು ಕಚ್ಚಿಕೊಂಡು ಅದನ್ನೇ ಬರೆದ. ಬಸ್ಸು ವಾಪಸ್ಸು ಬಂದಾಗ ಅವನ ಬಿಳಿ ಅಕ್ಷರದ ಕೆಳಗೆ ದರ್ಜಿಯ ನೀಲಿ ಸೀಮೆಸುಣ್ಣದಲ್ಲಿ ಉತ್ತರವಿತ್ತು: ‘152 ಗಜ ಬಟ್ಟೆಯಾದರೆ ಊರಿಗೇ ಅಂಗಿ ಹೊಲಿಯಬಹುದಿತ್ತು. ರನ್ನಿನಲ್ಲಿ ಒಂದು ಲಂಗೋಟಿಯೂ ಆಗುವುದಿಲ್ಲ.’ ಹಳ್ಳಿಮೈಸೂರಿನ ಬಸ್ಸಿಗೆ ಕಾದಿದ್ದವರೆಲ್ಲ ಅದನ್ನು ಜೋರಾಗಿ ಓದಿ ನಕ್ಕರು. ಬೀರಲಿಂಗಯ್ಯನೂ ನಕ್ಕ, ಬೇರೆ ದಾರಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಇನ್ನೂ ಕೆಟ್ಟದಾಯಿತು. ಆಸ್ಟ್ರೇಲಿಯಾ ಒಂದೇ ವಿಕೆಟ್ಟಿಗೆ ನೂರಿಪ್ಪತ್ತೆಂಟು. ಬಸ್ಸಿನ ಹಿಂದೆ ಸೀಮೆಸುಣ್ಣ ಹಿಡಿದು ನಿಂತ ಬೀರಲಿಂಗಯ್ಯನಿಗೆ ಆ ಒಂದರ ಪಕ್ಕ ಒಂದು ಸೊನ್ನೆ ಸುತ್ತಿಬಿಡೋಣ ಅನ್ನಿಸಿತು. ಆದರೆ ಮಾತು ಅಂದರೆ ಮಾತು. ಇದ್ದದ್ದನ್ನು ಇದ್ದ ಹಾಗೇ ಬರೆದು, ಯಾರ ಮುಖವನ್ನೂ ನೋಡದೆ ಟಿಕೆಟ್ ಕಿಟಕಿಯ ಹಿಂದೆ ಹೋಗಿ ಕೂತ. ದೇವರು ಕಣ್ಣುಬಿಟ್ಟ ಅನ್ನಬೇಕು. ಊಟದ ನಂತರ ನಮ್ಮ ಬೌಲರೊಬ್ಬ ಮೈಮೇಲೆ ಬಂದವನಂತೆ ಎಸೆದು, ಒಬ್ಬನೇ ಒಟ್ಟು ಒಂಬತ್ತು ಜನರನ್ನು ಮನೆಗೆ ಕಳಿಸಿದ. ಇನ್ನೂರ ಹತ್ತೊಂಬತ್ತಕ್ಕೆ ಆಸ್ಟ್ರೇಲಿಯಾ ಖಲಾಸ್. ಸಂಜೆಯ ಬಸ್ಸಿನ ಬೆನ್ನು ಪೂರ್ತಿ ಬೀರಲಿಂಗಯ್ಯನದಾಯಿತು: ‘ಬೀಗರ ಹೊಲಿಗೆ ಬಿಟ್ಟಿದೆ. ಸೂಜಿ ಹುಡುಕಿಕೊಳ್ಳುವುದು.’

ಮಂಗಳವಾರ ಆಟಕ್ಕೆ ರಜೆ. ಬಸ್ಸಿನ ಹಿಂದೆ ಏನೂ ಬರೆಯದೆ ಕಳಿಸಿದರೆ, ಅರಕಲಗೂಡಿನಲ್ಲಿ ಜನ ಡ್ರೈವರ್ ಲಕ್ಕಯ್ಯನನ್ನು ಇಳಿಸಿಕೊಂಡು ಜೋರು ಮಾಡಿದರಂತೆ. ಅಂದು ಬಸ್ಸಿನಲ್ಲಿ ಬಂದ ನೀಲಿ ಬರಹದಲ್ಲಿ ತಮಾಷೆ ಇರಲಿಲ್ಲ: ‘ಕೂಸಿನ ತಲೆ ಅಳತೆ ಬೇಕು. ಕುಲಾವಿಗೆ.’

"ನೋಡ್ದಾ ಅಕ್ಕಯ್ಯ, ಗೆಲ್ಲಾಕ್ ಮುಂಚೆನೇ ಕುಲಾವಿ ಒಲೀತಾವ್ರೆ! ಅದ್ರ ಮ್ಯಾಲೆ ಅವರವ್ವನ್ ಎಸ್ರು ದಾರದಾಗೆ ಬರೀತಾರೆ, ಬರ್ದಿಟ್ಕ" ಎಂದ ಬೀರಲಿಂಗಯ್ಯ. ಅಳತೆ ಕೊಡುವುದೇ ಬೇಡ ಎಂದ. ಸುಬ್ಬಮ್ಮ ಕೇಳಲಿಲ್ಲ. ಕೂಸಿನ ತಲೆಗೆ ನೂಲು ಸುತ್ತಿ ಗಂಟು ಹಾಕಿ ಲಕ್ಕಯ್ಯನ ಕೈಲಿ ಕೊಟ್ಟು ಕಳಿಸಿದಳು.

ಬುಧವಾರ, ಆಟದ ನಾಲ್ಕನೇ ದಿನ ಮುಗಿದಾಗ ನಮ್ಮವರ ಎರಡನೇ ಇನ್ನಿಂಗ್ಸೂ ಆಗಿಹೋಗಿತ್ತು; ಆಸ್ಟ್ರೇಲಿಯಾ ಗೆಲ್ಲಲು ಒಟ್ಟು ಇನ್ನೂರಿಪ್ಪತ್ತೈದು ಬೇಕು, ಎರಡು ವಿಕೆಟ್ಟಿಗೆ ಐವತ್ತೊಂಬತ್ತು ಆಗಿತ್ತು. ಪಾಪಯ್ಯನ ಹೋಟೆಲಿನಲ್ಲಿ ಅರ್ಧ ಜನ ಆಸೆ ಬಿಟ್ಟಿದ್ದರು. ಬೀರಲಿಂಗಯ್ಯ ಅಂದು ಊಟ ಮಾಡಲಿಲ್ಲ. ವಿಜಯಮ್ಮ ತಟ್ಟೆ ಹಿಡಿದುಕೊಂಡು, "ಅಪ್ಪಯ್ಯ, ಯಾವ ಎಸ್ರಾದ್ರೇನು? ಕೂಸು ನಮ್ದೇ ಅಲ್ವಾ?" ಅಂದಳು. ಅವನು ಗೋಡೆಯ ಕಡೆ ತಿರುಗಿ, "ನಿಮ್ಮವ್ವನ್ನ ಎಸ್ರಿಡ್ದು ಕೂಗಿ ಮೂರ್ ವರ್ಸ ಆತು ಕಣವ್ವ" ಅಂದ. ಅವಳು ತಟ್ಟೆಯನ್ನು ಮುಚ್ಚಿಟ್ಟು ತೊಟ್ಟಿಲ ಕಡೆ ಹೋದಳು.

ಗುರುವಾರ ಆದದ್ದನ್ನು ಆ ಹೋಟೆಲಿನಲ್ಲಿದ್ದವರು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದರು. ಒಬ್ಬ ಹೋದ, ಇನ್ನೊಬ್ಬ ಹೋದ, ಆಮೇಲೆ ಲೆಕ್ಕ ಹಿಡಿಯುವುದೇ ಕಷ್ಟವಾಯಿತು. ನೂರೈದಕ್ಕೆ ಆಸ್ಟ್ರೇಲಿಯಾ ಮುಗಿದೇ ಹೋಯಿತು! ಪಾಪಯ್ಯ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಎಲ್ಲರಿಗೂ ಬಿಟ್ಟಿ ಕಾಫಿ ಕೊಡಿಸಿದ. ಬೀರಲಿಂಗಯ್ಯ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದು ಅಲ್ಲೇ ಎರಡು ಹೆಜ್ಜೆ ಕುಣಿದ. ಐವತ್ತೆರಡರ ಗಂಡಸು ಕುಣಿಯುತ್ತಾ ಅಳುತ್ತಿರುವುದನ್ನು ಜನ ಕಂಡರು, ಕಂಡೂ ಕಾಣದವರಂತೆ ಕಾಫಿ ಕುಡಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಸುಖ ಹೆಚ್ಚಾದಾಗ ಈ ಮನುಷ್ಯನಿಗೆ ಕೈ ಕಡಿಯುತ್ತಿತ್ತು. ಗೆದ್ದೆ ಅಂತ ಬರೆದರೆ ಮಾದಯ್ಯ ಅರಕಲಗೂಡಿನಲ್ಲೇ ಕೂತು ಮುಖ ಮುಚ್ಚಿಕೊಳ್ಳುತ್ತಾನೆ, ಅದನ್ನು ನೋಡುವುದು ಯಾರು? ಅವನು ಮೀಸೆ ತಿರುವಿಕೊಂಡು ಇಲ್ಲಿಗೇ ಬರಬೇಕು, ಬಸ್ಸಿನಿಂದ ಇಳಿಯುತ್ತಿದ್ದಂತೆ ಊರೇ ನಗಬೇಕು. ಮಧ್ಯಾಹ್ನದ ಬಸ್ಸು ಹೊರಡಲು ಸಿದ್ಧವಾಗಿತ್ತು. ಬೀರಲಿಂಗಯ್ಯ ಹಳೆಯದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ದುಂಡಗೆ ಬರೆದ: ‘ಆಸ್ಟ್ರೇಲಿಯಾ ಗೆದ್ದಿತು. ಬೀಗರು ಹೆಸರು ತೆಗೆದುಕೊಂಡು ಇದೇ ಬಸ್ಸಿಗೆ ಬರುವುದು.’

"ಏನ್ ಸಾ, ಸುಳ್ ಬರೀತಿದ್ದೀರಿ?" ಎಂದ ಡ್ರೈವರ್ ಲಕ್ಕಯ್ಯ.

"ಸುಮ್ಕಿರಪ್ಪ. ಬಾಯಿ ಬುಟ್ಟೀಯ ಮತ್ತೆ!"

ಸಂಜೆ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಮೂವತ್ತು ನಲವತ್ತು ಜನ. ಬೀರಲಿಂಗಯ್ಯ ಒಂದು ಚೆಂಡುಹೂವಿನ ಹಾರವನ್ನೂ ಮಾಡಿಸಿದ್ದ. ಮಾದಯ್ಯ ಇಳಿದ. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಕಜ್ಜಾಯದ ಡಬ್ಬ, ಇನ್ನೊಂದರಲ್ಲಿ ಬಟ್ಟೆಯ ಗಂಟು.

"ಬನ್ನಿ ಬನ್ನಿ, ಗೆದ್ದೋರು ಬನ್ನಿ!" ಎಂದು ಬೀರಲಿಂಗಯ್ಯ ಹಾರ ಹಾಕಿದ. ಹಾಕಿದ್ದೇ ತಡ ಜನ ಹೋ ಎಂದು ಕೂಗಿದರು. "ಗೆದ್ದದ್ದು ಇಂಡಿಯಾ ಕಣ್ರೀ! ನೂರೈದಕ್ಕೆ ಔಟು!"

ಮಾದಯ್ಯ ಹಾರವನ್ನು ನೆಟ್ಟಗೆ ಮಾಡಿಕೊಂಡ. "ಗೊತ್ತು. ಲಕ್ಕಯ್ಯನ ಒಟ್ಟೇಲಿ ಮಾತು ನಿಂತದಾ? ಅರ್ಧ ದಾರೀಲೇ ಕಕ್ದ. ಬನ್ನಿ, ಎಲ್ಲಾರೂ ಬಸ್ಸಿನ್ ಇಂದಕ್ ಬನ್ನಿ."

ಜನ ಹಿಂದೆ ಹೋದರು. ದಾರಿಯ ಧೂಳು ಕೂತಿದ್ದರೂ ಬರಹ ಎದ್ದು ಕಾಣುತ್ತಿತ್ತು. ಮಾದಯ್ಯ ಬೆರಳಿಟ್ಟು ಒಂದೊಂದೇ ಪದ ಓದಿಸಿದ.

"ಈ ಬರ್ವಣಿಗೆ ಯಾರ್ದು ಬೀಗ್ರೆ?"

"ನಂದೇಯ. ಅದು ತಮಾಸೆಗೆ..."

"ಬಸ್ಸಿನ ಮ್ಯಾಲೆ ಏನೈತೋ ಅದೇ ಸ್ಕೋರು, ಪೇಪರ್ರೂ ಬ್ಯಾಡ, ರೇಡಿಯೋನೂ ಬ್ಯಾಡ. ಅಂಗಂದೋರು ಯಾರು?"

ಬೀರಲಿಂಗಯ್ಯನ ನಗು ಮುಖದ ಮೇಲೆಯೇ ಒಣಗಿತು. ಜನರ ಕಡೆ ನೋಡಿದ. ಅಷ್ಟು ಹೊತ್ತು ಅವನ ಪಕ್ಷವಿದ್ದ ಪಾಪಯ್ಯನೇ, "ಮಾತು ಅಂದ್ರೆ ಮಾತೇ ಅಲ್ವಾ ಬೀರಲಿಂಗಣ್ಣ?" ಎಂದುಬಿಟ್ಟ. ಅಲ್ಲಿಗೆ ನ್ಯಾಯ ತೀರ್ಮಾನವಾಯಿತು. ಮಾದಯ್ಯ ಹಾರ ಹಾಕಿಕೊಂಡೇ ಮುಂದೆ ನಡೆದ. ಗೆದ್ದ ಆಟವನ್ನು ತನ್ನ ಕೈಯಾರೆ ಒರೆಸಿ ಕಳೆದುಕೊಂಡ ಬೀರಲಿಂಗಯ್ಯ, ತನ್ನ ಮನೆಗೇ ದಾರಿ ಗೊತ್ತಿಲ್ಲದವನಂತೆ ಅವನ ಹಿಂದೆ ನಡೆದ. ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಇತ್ತು. ಆ ಕೈಯನ್ನು ಕಡಿದುಕೊಳ್ಳುವಷ್ಟು ಸಿಟ್ಟು ಬಂತು.

ಮನೆಯಲ್ಲಿ ಮಾದಯ್ಯ ಚಾಪೆಯ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡ. ಗಂಟು ಬಿಚ್ಚಿ ಕುಲಾವಿ ತೆಗೆದ. ಬೀರಲಿಂಗಯ್ಯ ಬಾಗಿಲಿಗೆ ಒರಗಿ ಬೀದಿಯ ಕಡೆ ಮುಖ ಮಾಡಿದ. ಆ ಹೆಸರನ್ನು ಓದುವ ಮನಸ್ಸು ಅವನಿಗಿರಲಿಲ್ಲ.

"ಓದವ್ವ" ಎಂದ ಮಾದಯ್ಯ ಸೊಸೆಗೆ.

ವಿಜಯಮ್ಮ ಓದಲಿಲ್ಲ. ಬಾಯಿಗೆ ಸೆರಗು ಹಿಡಿದಳು. ಸುಬ್ಬಮ್ಮನಿಗೆ ಓದು ಬಾರದು. "ಏನಂತ್ ಬರ್ದೈತೆ, ಯಾರಾರಾ ಯೋಳ್ರೋ!" ಎಂದು ಅವಳು ಗದರಿದ್ದಕ್ಕೆ ಬೀರಲಿಂಗಯ್ಯ ತಿರುಗಿದ. ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ, ಒಂದೂ ಎಳೆ ಸೊಟ್ಟಗಿಲ್ಲದೆ, ‘ಮರಿಯಮ್ಮ’ ಎಂದಿತ್ತು.

"ಮಂಗ್ಳವಾರ ಆಟಕ್ಕೆ ರಜ ಇತ್ತಲ್ಲ, ಅವತ್ ಒಲ್ದೆ" ಎಂದ ಮಾದಯ್ಯ, ಕೂಸಿನ ಗದ್ದದ ಕೆಳಗೆ ದಾರ ಕಟ್ಟುತ್ತಾ. "ನಮ್ಮವ್ವನ್ ಎಸ್ರು ಭಾಳ ಉದ್ದ ಬೀಗ್ರೆ. ನೂಲಿನ ಅಳ್ತೆ ನೋಡುದ್ರೆ ಕೂಸಿನ್ ತಲೆ ಇಷ್ಟೇ ಐತೆ. ಇಡೀಲಿಲ್ಲ."

ಮಾದಯ್ಯ ದಾರದ ಗಂಟನ್ನು ಸರಿಮಾಡಿದ. "ಅವ್ವ ಎಂಬತ್ ವರ್ಸ ಬಾಳಿ, ಮರಿಮಕ್ಕಳ ಕೈಲೂ ಕೂಗಿಸ್ಕಂಡು ಓದ್ಲು. ನಿಮ್ಮನೆ ಆಯಮ್ಮ ಏನ್ ಕಂಡ್ಲು?"

"ಅಂಗಾದ್ರೆ ಪಂದ್ಯಕ್ಕೆ ಯಾಕ್ರೀ ಒಪ್ಕಂಡ್ರಿ? ಐದ್ ದಿನ ನನ್ ಜೀವ ತಿಂದ್ರಿ!" ಎಂದ ಬೀರಲಿಂಗಯ್ಯ.

"ಗೆದ್ದು ಕೊಡಾಣ ಅಂತಿದ್ದೆ. ಸೋತು ಕೊಟ್ರೆ ಅದು ನಾನ್ ಕೊಟ್ಟಂಗೆ ಎಂಗಾತದೆ? ಇಂಡಿಯಾ ಗೆದ್ದದ್ದು ಗೊತ್ತಾಗಿ ಬಸ್ಸಲ್ಲೇ ಎದೆ ಒಡ್ದೋಗಿತ್ತು. ಪುಣ್ಯಕ್ಕೆ ನೀವು ಸುಳ್ ಬರ್ದಿದ್ರಿ."

ಬೀರಲಿಂಗಯ್ಯ ಬಂದು ಬೀಗನ ಎದುರು ಕುಕ್ಕರುಗಾಲಲ್ಲಿ ಕೂತ. ಕೂಸಿನ ಕಡೆ ಬಗ್ಗಿ, ಮೂರು ವರ್ಷದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಮರಿಯಮ್ಮಾ" ಎಂದು ಕರೆದ. ಕೂಸು ಸೀನಿತು.

ಮಾರನೆಯ ಬೆಳಿಗ್ಗೆ ಲಕ್ಕಯ್ಯ ಬಸ್ಸು ಹೊರಡಿಸುವ ಮುಂಚೆ ಹಿಂದೆ ಬಂದು ನೋಡಿದ. ಏಜೆಂಟ್ ಆಗಲೇ ಬರೆದು ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಸೋತವರ ಹೆಸರಿರಲಿಲ್ಲ, ಅಂಕಿಯೂ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ‘ಅರಕಲಗೂಡು ಗೆದ್ದಿತು’ ಎಂದಷ್ಟೇ ಇತ್ತು.

"ಇವತ್ತಾದ್ರೂ ನಿಜ ಬರೀಬಾರ್ದಾ ಸಾ?"

"ನಿಜಾನೇ ಬರ್ದಿವ್ನಿ ಕಣಪ್ಪ. ಒರ್ಸಬ್ಯಾಡ, ಓಗು" ಎಂದ ಬೀರಲಿಂಗಯ್ಯ.