ಹಸಿರು ದೀಪದ ಕೋಣೆ

ಇಷ್ಟು ಕಡಿಮೆ ಅಂಕಿ ಭೂಮಿಯ ಮೇಲೆ ಎಲ್ಲೂ ಬರುವಂತಿಲ್ಲ. ಆಫೀಸಿನ ತಾರಸಿಯ ಮೇಲೆ ಅವನು ಮೀಟರನ್ನು ಅಂಗಿಗೆ ಒರೆಸಿ ಮತ್ತೆ ನೋಡಿದ. ಅಂಕಿ ಇನ್ನೂ ಇಳಿಯಿತು.

“ನಿಮ್ಮ ಮನೆ ಮೀಟರ್‌ಗೆ ಬಯಲು ಆಗಿಬರಲ್ಲ ಅನ್ಸುತ್ತೆ,” ಎಂದ ಸಹೋದ್ಯೋಗಿ.

ಅವನು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ.

ಕಟ್ಟಡಗಳ ಒಳಗಿನ ಗಾಳಿ ಅಳೆಯುವುದು ಅವನ ಕೆಲಸ. ಜನ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ತುಂಬಿದೆಯೆಂದು ಮೀಟರು ತೋರಿಸುತ್ತದೆ. ಅಂಕಿ ಏರಿದರೆ ಕಿಟಕಿ ತೆಗೆಸುತ್ತಾನೆ. ಆಫೀಸಿನದು ಕೆಟ್ಟಿದ್ದರಿಂದ ಬೆಳಿಗ್ಗೆ ಮನೆಯದನ್ನು ತಂದಿದ್ದ. ವರ್ಷದಿಂದ ಅದು ಹೆಂಡತಿಯ ತಲೆದಿಂಬಿನ ಪಕ್ಕದಲ್ಲಿತ್ತು. ಅವಳು ಅದನ್ನು ಸವತಿ ಎನ್ನುತ್ತಿದ್ದಳು.

ಅವಳಿಗೆ ಬಿಡದ ತಲೆನೋವು, ಕೆಮ್ಮು. ರಸ್ತೆಯ ಧೂಳು ಬರದಿರಲೆಂದು ಕಿಟಕಿಯ ಸಂದುಗಳಿಗೆ ಅವನೇ ರಬ್ಬರು ಬಡಿದಿದ್ದ. ಉಸಿರು ಕಟ್ಟುತ್ತದೆ ಎಂದು ಅವಳು ಹೇಳಿದಾಗಲೆಲ್ಲ ಮೀಟರಿನ ಹಸಿರು ದೀಪ ತೋರಿಸುತ್ತಿದ್ದ. “ಗಾಳಿ ಚೆನ್ನಾಗಿದೆ. ನಿಂದು ಬರೀ ಮನಸ್ಸಿನ ಕಾಯಿಲೆ.” ಡಾಕ್ಟರ ಮುಂದೆಯೂ ಹಾಗೇ ಅಂದಿದ್ದ. ಈಚೆಗೆ ಅವಳು ಹೇಳುವುದನ್ನೇ ಬಿಟ್ಟಿದ್ದಳು. ಅವನಿಗೆ ಅದು ಗುಣವಾದಂತೆ ಕಂಡಿತ್ತು.

ಈ ಮೀಟರಿಗೊಂದು ಚಾಳಿ. ಆ ವಾರ ತಾನು ಕಂಡ ಗಾಳಿಯಲ್ಲಿ ಯಾವುದು ವಾಸಿಯೋ ಅದನ್ನೇ ಬಯಲ ಗಾಳಿ ಎಂದು ನಂಬಿಬಿಡುತ್ತದೆ. ಅದಕ್ಕೇ ಆಗಾಗ ಹೊರಗೆ ಹಿಡಿಯಬೇಕು. ಊರಿಗೆಲ್ಲ ಇದನ್ನು ಕಲಿಸಿದವನು ಅವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮನೆಯ ಮೀಟರಿಗೆ ಮುಚ್ಚಿದ ಕೋಣೆಯ ಗಾಳಿಯೇ ಬಯಲಾಗಿತ್ತು. ಇವತ್ತಿನವರೆಗೆ ಅದು ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ. ಹೆಂಡತಿ ದಾಟಿಯೂ ಬಹಳ ದಿನವಾಗಿತ್ತು.

ಅಲ್ಲಿಂದಲೇ ಅವಳಿಗೆ ಫೋನು ಮಾಡಿದ.

“ಕಿಟಕಿ ತೆಗಿ.”

“ಯಾಕ್ರೀ?”

“ರಬ್ಬರ್ ಕಿತ್ತು ಹಾಕಿ ತೆಗಿ. ಈಗ್ಲೇ.”

ಅವಳು ಕೆಮ್ಮಿದಳು. “ಗಾಳಿ ಚೆನ್ನಾಗಿದೆ ಅಂದಿದ್ರಲ್ಲ.”

“ಮೀಟರ್ ಕೆಟ್ಟಿತ್ತು.”

“ಪಾಪ.” ಯಾರಿಗೆ ಅಂದಳೋ ತಿಳಿಯಲಿಲ್ಲ. “ಬೇಡ ಬಿಡಿ. ಮೊನ್ನೆ ಹೊರಬಾಗಿಲಲ್ಲಿ ನಿಂತ್ಕೊಂಡೆ, ಗಾಳಿ ಬೀಸ್ತು, ಭಯ ಆಯ್ತು. ನಂಗೆ ಇದೇ ಅಭ್ಯಾಸ ಆಗಿದೆ.”

“ನಾನು ಬರ್ತೀನಿ.”

“ಬನ್ನಿ. ಆ ಮೀಟರ್ ಮರೀಬೇಡಿ. ಆ ದೀಪ ಇಲ್ದೆ ಒಂಥರಾ ಆಗುತ್ತೆ.”

ಫೋನು ಕಿವಿಯಿಂದ ತೆಗೆದಾಗ ಮೀಟರಿನಲ್ಲಿ ಅಂಕಿ ಇರಲಿಲ್ಲ. ತಲೆಯ ಮೇಲೆ ಇಡೀ ಆಕಾಶ ತೆರೆದಿತ್ತು. ಪರದೆಯಲ್ಲಿ ‘ದೋಷ’ ಎಂದು ಮೂಡಿತ್ತು.

ಅವನು ಓಡಿದ. ಊಟದ ಹೊತ್ತಿನ ಲಿಫ್ಟು ಕಿಕ್ಕಿರಿದಿತ್ತು. ಯಾರದೋ ಬೆವರು, ಯಾರದೋ ಸೀನು. ನಡುವೆ ನುಗ್ಗಿ ನಿಂತ. ಬಾಗಿಲು ಮುಚ್ಚಿತು. ಅಂಗೈಯಲ್ಲಿ ಹಸಿರು ದೀಪ ಹೊತ್ತಿತು.