ಅವ್ವ ಕೂಡುವ ಜಾಗ

"ಸಾರಿ ಗಾರ್ಡ್ ಎಲ್ಲಿ?"

ಅನುರಾಧಾ ಎರಡನೆಯ ಸಲ ಕೇಳಿದಳು. ಮೊದಲ ಸಲ ಕೇಳಿದಾಗ ಅಂಗಡಿಯ ಶುಭಮ್ ಫೋನಿನಿಂದ ಕಣ್ಣು ಎತ್ತದೆ "ಹೂಂ" ಅಂದಿದ್ದ, ಅಷ್ಟೇ. ಗೋಕಾಕದ ಆ ಅಂಗಡಿಯ ಮುಂದೆ ನಿಂತದ್ದು ಅವಳದೇ ಬೈಕು, ಆದರೆ ಅವಳು ಬಿಟ್ಟು ಹೋದಂಥದ್ದಲ್ಲ. ಎರಡೂ ಮಗ್ಗುಲಿಗೆ ಅಲ್ಯುಮಿನಿಯಂ ಪೆಟ್ಟಿಗೆ, ಮುಂದೆ ಸಾಲು ಫಾಗ್ ಲೈಟು. ಹಿಂದಿನ ಸೀಟು ಇರಬೇಕಾದ ಕಡೆ ಸಾಮಾನು ಕಟ್ಟುವ ಕರಿ ಕ್ಯಾರಿಯರ್. ಗಾಳಿ ತಡೆಯುವ ಗಾಜಿನ ಮೇಲೆ ಕೆಂಪು ರೇಡಿಯಂ ಅಕ್ಷರದಲ್ಲಿ ತಮ್ಮನ ಹೆಸರು: ಲಖನ.

"ಬಾಕ್ಸಿನ ಫ್ರೇಮ್ ಕೂಡಬೇಕಂದ್ರ ಅದು ಅಡ್ಡ ಬರ್ತಿತ್ರಿ ಮೇಡಂ. ಕಟ್ ಮಾಡಿ ತಗದ್ವಿ."

"ಈಗ ಎಲ್ಲೈತಿ?"

"ಗುಜರಿಯಾಂವ ಒಯ್ದಾನ್ರಿ."

ಅನುರಾಧಾ ಘೋಡಗೇರಿಯಲ್ಲಿ ದನಗಳ ಡಾಕ್ಟರು. ಒದೆಯುವ ಎಮ್ಮೆಯನ್ನೂ ಬೈಯದೆ ಹಿಡಿಯುತ್ತಾಳೆಂದು ಆ ಕಡೆಯ ರೈತರು ಹೇಳುತ್ತಾರೆ. ಈಗ ಅವಳ ಕಿವಿ ಕೆಂಪಗಾಗಿತ್ತು.

ಎಡಗಡೆ ಚಕ್ರಕ್ಕೆ ಸೀರೆ ಸಿಗದಂತೆ ತಡೆಯುವ ಆ ಜಾಳಿಗೆಗೆ ಕೈ ಹಚ್ಚಬೇಡಿ ಎಂದು ಅವಳು ಇದೇ ಅಂಗಡಿಯಲ್ಲಿ ನಿಂತು ಬೆರಳು ಮಾಡಿ ತೋರಿಸಿದ್ದಳು. ಕೆಳಗೆ ಎರಡೂ ಕಾಲು ಊರಲು ಅಗಲ ತಗಡು ಹಾಕಿ, ಬೆನ್ನಿಗೆ ದಿಂಡಿನಂಥ ಬ್ಯಾಕ್ ರೆಸ್ಟ್ ಕೂರಿಸಿ, ಪೆಟ್ಟಿಗೆ ಬಲಕ್ಕೆ ಮಾತ್ರ ಇರಲಿ ಎಂದಿದ್ದಳು. ಅವ್ವ ಒಂದೇ ಕಡೆ ಕಾಲು ಹಾಕಿ ಕೂಡುವವಳು. ಗಾಡಿ ಕೊಂಡದ್ದೇ ದಸರೆಗೆ ಅವಳನ್ನು, ಬೌದ್ಧ ದೀಕ್ಷೆಯ ನೆನಪಿಗೆ ಪ್ರತಿ ವರ್ಷ ಜನ ಸೇರುವ ನಾಗಪುರದ ದೀಕ್ಷಾಭೂಮಿಗೆ ಕರೆದೊಯ್ಯಲು. ನಾಳೆ ಬೆಳಿಗ್ಗೆ ಹೊರಡುವುದಿತ್ತು.

ಅವ್ವ ಪದ್ಮವ್ವನಿಗೆ ಬಸ್ಸೂ ಆಗದು, ರೈಲೂ ಆಗದು. ಕಾರಿನ ಬಾಗಿಲು ಹಾಕಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ಮಾತ್ರ ಎಷ್ಟು ದೂರವಾದರೂ ಸೈ. ಗಂಡ ಸತ್ಯಪ್ಪ ಕುಲಗೋಡದ ಓಣಿಯ ಗಂಡಸರೊಂದಿಗೆ ಪ್ರತಿ ವರ್ಷ ನಾಗಪುರಕ್ಕೆ ಹೋಗುತ್ತಿದ್ದ. ಅವನ ರೊಟ್ಟಿ ಗಂಟು ಹೊತ್ತು ಗೋಕಾಕ ಬಸ್ ಸ್ಟ್ಯಾಂಡಿನ ತನಕ ಇವಳು ಬರುತ್ತಿದ್ದಳು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗು ಬಾಯಿಗೆ ಹಿಡಿದು. "ಮುಂದಿನ ವರ್ಷ ನಿನ್ನೂ ಕರಕೊಂಡ ಹೋಗ್ತೇನಿ" ಎಂದು ಅವನು ಕಿಟಕಿಯಿಂದ ಹೇಳುತ್ತಿದ್ದ. ಆ ಮಾತು ನಡೆಸಿಕೊಡದೆಯೇ ಸತ್ತ.

ಈಗ ಅವಳು ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೂಡಲು ಬರುತ್ತದೋ ಇಲ್ಲವೋ ನೋಡೋಣ ಎಂದು ಲಖನನೇ ತನ್ನ ಹಳೆ ಬೈಕಿನ ಮೇಲೆ ಕರೆತಂದಿದ್ದ. ಸಾರಿ ಗಾರ್ಡು ಇಲ್ಲ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು.

"ಯಾರನ್ನ ಕೇಳಿ ಮಾಡಿದ್ರಿ?" ಅನುರಾಧಾ ಶುಭಮ್‌ನನ್ನು ಕೇಳಿದಳು.

"ಅಣ್ಣಾರು ಫೋನ್ ಮಾಡಿ ಹೇಳಿದ್ರು. ಮನ್ಯಾಗ ಮಾತಾಡಿರ್ತೀರಿ ಅನ್ಕೊಂಡ್ನಿ."

"ಗಾಡಿ ತಂದು ನಿಲ್ಲಿಸಿದಾಕಿ ನಾನು. ಹೇಳಿದಾಕಿ ನಾನು. ನನಗ ಒಂದ್ ಫೋನ್ ಹಚ್ಚಾಕ ನಿಮಗೇನಾಗಿತ್ತು?"

ಶುಭಮ್ ತಲೆ ಕೆರೆದುಕೊಂಡ. ಹೆಣ್ಣುಮಗಳು ಗಾಡಿ ತಂದರೂ ಮಾತು ಮನೆಯ ಗಂಡಸಿನದು ಎಂಬುದು ಅವನಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಅವನ ಅಂಗಡಿ ನಡೆಯುತ್ತಿದ್ದದ್ದೇ ಹಾಗೆ.

ಲಖನ ಮುಂದೆ ಬಂದ. "ಅಕ್ಕಾ, ಯಾಕ್ ಸುಮ್ನ ಬಾಯಿ ಮಾಡ್ತಿ? ಗಾಡಿ ಹೆಂಗ ಕಾಣಾಕತ್ತೈತಿ ನೋಡ. ದೀಪಾವಳಿಗಿ ನಾನೂ ನನ್ನ ದೋಸ್ತ ಅಜಿತನೂ ಲಡಾಖಕ್ಕ ಹೊಂಟೇವಿ. ಮನಿ ಗಾಡಿ ಅಲ್ಲೇನು?"

"ಅವ್ವ ಎಲ್ಲಿ ಕೂಡಬೇಕು?"

"ಅಷ್ಟ ದೂರ ಆಕಿಗಿ ಆಗ್ತೈತೇನ್? ಹೊಸಾ ಗಾರ್ಡ್ ಬೆಳಗಾವಿಯಿಂದ ಬರಬೇಕು, ದಸರಾ ಆದಮ್ಯಾಲೇ." ಅವ್ವನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ಮುಂದಿನ ವರ್ಷ ಕಾರ್ ಮಾಡ್ಕೊಂಡ ಹೋಗೂಣು ಬೇ."

ಪದ್ಮವ್ವ ತಲೆ ಎತ್ತಿ ಮಗನನ್ನು ನೋಡಿದಳು.

ಅನುರಾಧಾ ಶುಭಮ್ ಕಡೆ ತಿರುಗಿದಳು. "ಸೀಟು ಎಲ್ಲೈತಿ? ಬ್ಯಾಕ್ ರೆಸ್ಟ್ ಎಲ್ಲೈತಿ?"

"ಒಳಗ ಅದಾವ್ರಿ."

"ಕ್ಯಾರಿಯರ್ ಬಿಚ್ಚಿ ಅವನ್ನ ಕೂಡಸ್ರಿ."

ಶುಭಮ್ ಲಖನನ ಮುಖ ನೋಡಿದ. "ಅಣ್ಣಾ, ಬಿಚ್ಚಲ್ಯಾ?"

ಇಷ್ಟೆಲ್ಲ ಆದ ಮೇಲೂ ಅವನನ್ನೇ ಕೇಳಿದ. ಅನುರಾಧಾ ಬೆಂಚಿನ ಮೇಲಿದ್ದ ಪಾನಾ ತೆಗೆದುಕೊಂಡು ಮೊಣಕಾಲೂರಿ ಕೂತಳು. ಮೊದಲ ನಟ್ಟು ಬಿಗಿಯಾಗಿತ್ತು. ತಿರುಗಿಸುವಾಗ ಕೈ ಜಾರಿ ಬೆರಳ ಗೆಣ್ಣು ತರಚಿ ರಕ್ತ ಬಂತು. ಒರೆಸಿಕೊಳ್ಳದೆ ಮತ್ತೆ ಪಾನಾ ಹಾಕಿದಳು. ಕ್ಯಾರಿಯರ್ ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದ ಚಹದಂಗಡಿಯವರೆಲ್ಲ ಇತ್ತ ತಿರುಗಿದರು. ಶುಭಮ್ ಮೆಲ್ಲಗೆ ಎದ್ದು ಒಳಗಿಂದ ಸೀಟು ತಂದಿಟ್ಟ, ಬ್ಯಾಕ್ ರೆಸ್ಟನ್ನು ತಾನೇ ಬಿಗಿದ.

"ಸೀಟ್ ಹಾಕಿದ್ರೇನು?" ಲಖನ ನಕ್ಕ. "ಬಾಜೂಕ ಕುಂತ್ರ ಸೀರಿ ಗಾಲ್ಯಾಗ ಹೋಗ್ತೈತಿ."

ಕುರ್ಚಿ ಸರಿದ ಸದ್ದಾಯಿತು. ಪದ್ಮವ್ವ ಎದ್ದು ಅಂಗಡಿಯ ಹಿಂದಿನ ಟೈರುಗಳ ರಾಶಿಯ ಮರೆಗೆ ಹೋದಳು. ತಿರುಗಿ ಬಂದಾಗ ಕಾಲಿನ ನಡುವೆ ಹಾದು ಹೋದ ಸೀರೆ ಬೆನ್ನ ಹಿಂದೆ ಬಿಗಿಯಾಗಿ ಸಿಕ್ಕಿತ್ತು, ಮೊಣಕಾಲ ಕೆಳಗೆ ಮೀನಖಂಡ ಕಾಣುತ್ತಿತ್ತು. ಕಬ್ಬು ಕಡಿಯುವಾಗ ಹಾಕುತ್ತಿದ್ದ ಕಚ್ಚೆ ಅದು. ಅಕ್ಕ ಡಾಕ್ಟರಾದ ಮೇಲೆ, ಗೆಳೆಯರು ಮನೆಗೆ ಬರುತ್ತಾರೆ, ನಾಚಿಕೆ ಆಗುತ್ತದೆ ಎಂದು ಲಖನ ಅದನ್ನು ಬಿಡಿಸಿದ್ದ. ಅನುರಾಧಾಳೂ ಆಗ ಸುಮ್ಮನಿದ್ದಳು.

"ಅವ್ವಾ, ಮಂದಿ ನೋಡಾಕತ್ತಾರ," ಎಂದ ಲಖನ, ದನಿ ತಗ್ಗಿಸಿ.

"ನೋಡಲಿ." ಪದ್ಮವ್ವ ಸೀಟಿನ ಮೇಲೆ ಕೈಯಿಟ್ಟಳು. "ಈ ಕಚ್ಚಿ ಹಾಕ್ಕೊಂಡ ಕಬ್ಬ ಕಡದ ನಿನ್ನ ಸಾಲಿ ಓದಿಸೇನಿ. ಅವಾಗ ಎಲ್ಲಿತ್ತೋ ನಿನ್ನ ನಾಚಿಕಿ? ನಿಮ್ಮಪ್ಪನೂ ಮುಂದಿನ ವರ್ಷ ಅಂತಿದ್ದ. ನೀನೂ ಅದನ್ನ ಅಂತಿ."

ಅನುರಾಧಾ ಗಾಡಿ ಹತ್ತಿ ಕೂತಳು. ಪದ್ಮವ್ವ ಮಗನ ಉತ್ತರಕ್ಕೆ ಕಾಯಲಿಲ್ಲ. ಮಗಳ ಭುಜ ಹಿಡಿದು, ಕಾಲು ಎತ್ತಿ ಆ ಕಡೆ ಹಾಕಿ, ಗಂಡಸರ ಹಾಗೆ ಕೂತಳು. ಹೆಲ್ಮೆಟ್ಟನ್ನು ಸೆರಗಿನ ಮೇಲೆಯೇ ಒತ್ತಿಕೊಂಡಳು.

ಗಾಡಿ ಅಂಗಡಿ ಬಿಟ್ಟು ಊರ ಕಡೆ ಹೊರಟಿತು. ಕನ್ನಡಿಯಲ್ಲಿ ಲಖನ ಕ್ಯಾರಿಯರಿನ ಪಕ್ಕ ನಿಂತಿದ್ದ. ಅನುರಾಧಾ ಮತ್ತೆ ನೋಡಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಭುಜದ ಮೇಲಿನ ಅವ್ವನ ಕೈಯೂ ಸಡಿಲಾಗಿರಲಿಲ್ಲ.

ಬಸ್ ಸ್ಟ್ಯಾಂಡಿನ ಮುಂದೆ ಗದ್ದಲವಿತ್ತು. ನಾಗಪುರಕ್ಕೆ ಹೊರಟಿದ್ದ ಬಸ್ಸಿನ ಕಿಟಕಿಗಳ ಕೆಳಗೆ ಹೆಂಗಸರು ಗಂಟು ಹಿಡಿದು ನಿಂತಿದ್ದರು. ಅವ್ವ ಒಂದು ಗಳಿಗೆ ನೋಡಬಹುದೆಂದು ಅನುರಾಧಾ ಬ್ರೇಕಿಗೆ ಕಾಲಿಟ್ಟಳು.

"ಇಲ್ಲಿ ನಿಲ್ಲಸಬ್ಯಾಡ," ಹಿಂದಿನಿಂದ ಅವ್ವ ಹೇಳಿದಳು. "ನಡಿ."