ಇನ್ನೂರ ಹದಿನಾಲ್ಕನೆಯ ಪುಟ

“ಮುನ್ನೂರ ಅರವತ್ತೊಂದು,” ಎಂದು ಸೊಸೆ ಪೆನ್ನಿಗೆ ಮುಚ್ಚಳ ಹಾಕಿದಳು. “ಐನೂರು ಬೇಕಿತ್ತು. ಬಿಡಿ ಅತ್ತೆ, ಮುಗೀತು.”

“ಐನೂರಕ್ಕೆ ಮುನ್ನೂರ ಅರವತ್ತೊಂದು ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನೇ!” ಎಂದ ನನ್ನ ಮಗ, ಷೂ ಹಾಕಿಕೊಳ್ಳುತ್ತ.

“ಇದು ನಿಮ್ಮ ಸ್ಕೂಲ್ ಪರೀಕ್ಷೆ ಅಲ್ಲ ರೀ. ಒಂದು ಕಮ್ಮಿ ಆದ್ರೂ ಅರ್ಜಿನ ಮುಟ್ಟಿ ನೋಡೋದಿಲ್ಲ ಅವರು.”

ಮಗ ಶಾಲೆಯಲ್ಲಿ ಗಣಿತ ಕಲಿಸುವವನು. ಅವಳನ್ನು ನಗಿಸಲು ಆಡಿದ ಮಾತು ಅದು. ಅವಳು ನಗಲಿಲ್ಲ, ಆದರೆ ಎದ್ದು ಹೋಗುವಾಗ ಅವನ ಅಂಗಿಯ ಮಡಚಿದ ಕಾಲರನ್ನು ಸರಿಮಾಡಿ ಹೋದಳು.

ನನ್ನ ಸೊಸೆ ಆಗತಾನೇ ಹುಟ್ಟಿದ ಕೂಸುಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ಕೆಲವು ಕೂಸುಗಳ ಅನ್ನನಾಳ ಹುಟ್ಟುವಾಗಲೇ ಎರಡು ತುಂಡಾಗಿರುತ್ತದೆ. ಬಾಯಿಗೆ ಬಿಟ್ಟ ಹಾಲು ಹೊಟ್ಟೆ ಸೇರುವುದೇ ಇಲ್ಲ. ಆ ಎರಡು ತುದಿಗಳ ನಡುವೆ ಅಂತರ ಎಷ್ಟಿದ್ದರೆ ಕೂಡಲೇ ಜೋಡಿಸಬೇಕು, ಎಷ್ಟಿದ್ದರೆ ಕಾಯಬೇಕು ಎಂದು ಅಳೆಯುವ ಒಂದು ವಿಧಾನವನ್ನು ಹದಿನೆಂಟು ವರ್ಷಗಳ ಹಿಂದೆ ಅವಳು ತನ್ನ ಮೊದಲ ಪ್ರಬಂಧದಲ್ಲಿ ಬರೆದಿದ್ದಳು. ಈಗ ಇಂಥ ಕೂಸುಗಳಿಗೆಂದೇ ಆಸ್ಪತ್ರೆಯಲ್ಲಿ ಹತ್ತು ತೊಟ್ಟಿಲುಗಳ ಘಟಕ ತೆರೆಯಲು ಒಪ್ಪಿಗೆ ಸಿಕ್ಕಿತ್ತು. ಷರತ್ತು ಒಂದೇ: ಘಟಕದ ಮುಖ್ಯಸ್ಥರ ಪ್ರಬಂಧಗಳನ್ನು ಸಂಶೋಧಕರು ತಮ್ಮ ಬರವಣಿಗೆಯಲ್ಲಿ ಕನಿಷ್ಠ ಐನೂರು ಸಲ ಉಲ್ಲೇಖಿಸಿರಬೇಕು. ಅರ್ಜಿ ಹಾಕಿದ್ದವಳು ಇವಳೊಬ್ಬಳೇ. ಇವಳು ಅನರ್ಹಳಾದರೆ ಆ ಜಾಗ ದೊಡ್ಡವರ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗುತ್ತಿತ್ತು. ಅಂದೇ ಮಧ್ಯಾಹ್ನ ಮೂರಕ್ಕೆ ಆಯ್ಕೆ ಸಮಿತಿ. ದಾಖಲೆ ಸೇರಿಸಲು ಎರಡರವರೆಗೆ ಸಮಯ.

“ಆ ಮೊದಲನೇ ಪ್ರಬಂಧಕ್ಕೆ ಎಷ್ಟು ಬಂದಿದೆ?” ಎಂದು ಕೇಳಿದೆ.

“ಹದಿನಾಲ್ಕು.”

“ಹದಿನೆಂಟು ವರ್ಷಕ್ಕೆ ಹದಿನಾಲ್ಕಾ? ಸಾಧ್ಯವೇ ಇಲ್ಲ ಕಣೇ.”

“ಕಂಪ್ಯೂಟರ್ ಹೇಳಿದ ಮೇಲೆ ಆಯ್ತಲ್ಲ, ಅತ್ತೆ.”

ನಾನು ಅದೇ ವೈದ್ಯಕೀಯ ಕಾಲೇಜಿನ ಗ್ರಂಥಾಲಯವನ್ನು ಮೂವತ್ತೊಂದು ವರ್ಷ ನೋಡಿಕೊಂಡವಳು. ಆ ಪ್ರಬಂಧದ ನಕಲು ಬೇಕೆಂದು ಎಲ್ಲೆಲ್ಲಿಂದಲೋ ಪತ್ರಗಳು ಬರುತ್ತಿದ್ದವು. ಲಕೋಟೆ ಅಂಟಿಸಿ ಕಳಿಸಿದ ಕೈ ನನ್ನದೇ. ಅಷ್ಟು ಜನ ಕೇಳಿ ತರಿಸಿಕೊಂಡ ಬರಹಕ್ಕೆ ಹದಿನಾಲ್ಕೇ ಉಲ್ಲೇಖವೆಂದರೆ ನಂಬುವುದು ಹೇಗೆ? ಸೊಸೆ ರೋಗಿಗಳನ್ನು ನೋಡಲು ಹೊರಟಾಗ ನಾನೂ ಚಪ್ಪಲಿ ಮೆಟ್ಟಿ ಅವಳ ಕಾರಿನಲ್ಲಿ ಕೂತೆ. “ನೀವೆಲ್ಲಿಗೆ?” ಎಂದಳು. “ನನ್ನ ಹಳೇ ಆಫೀಸಿಗೆ,” ಎಂದೆ.

ಗ್ರಂಥಾಲಯವನ್ನು ಈಗ ನೋಡಿಕೊಳ್ಳುವವಳು ನನ್ನ ಕೈಕೆಳಗೆ ಪಳಗಿದ ಹೆಣ್ಣುಮಗಳು. ಒಂದು ನಿಮಿಷವೂ ಕೂತಲ್ಲಿ ಕೂರದವಳೆಂದು ಎಲ್ಲರೂ ಅವಳನ್ನು ಇರುವೆ ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ತನ್ನ ಕುರ್ಚಿ ಬಿಟ್ಟು ಎದ್ದಳು. ಬೆನ್ನಿಗೆಂದು ಅದಕ್ಕೊಂದು ದಿಂಬನ್ನೂ ಆನಿಸಿದಳು.

“ಕಂಪ್ಯೂಟರ್ ಬೇಡ. ಈ ಕಾಯಿಲೆ ಮೇಲೆ ಬೇರೆಯವರು ಬರೆದಿರೋ ಪ್ರಬಂಧ ಯಾವುದಾದ್ರೂ ನಾಲ್ಕು ತೆಗಿ,” ಎಂದೆ. “ಕೊನೇ ಪುಟ ನೋಡೋಣ.”

ಯಾರ ಬರಹದಿಂದ ಏನು ಪಡೆದೆವು ಎಂದು ಪ್ರಬಂಧ ಬರೆದವರು ಕೊನೆಯ ಪುಟದಲ್ಲಿ ಪಟ್ಟಿ ಕೊಡುತ್ತಾರೆ: ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ. ಮೊದಲನೆಯದರಲ್ಲೇ ಸೊಸೆಯ ಹೆಸರಿತ್ತು. ಎರಡನೆಯದರಲ್ಲೂ ಇತ್ತು. ಮೂರು, ನಾಲ್ಕು. ಇರುವೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಮೇಡಂ, ನಾಲ್ಕಕ್ಕೆ ನಾಲ್ಕೂ ಇದೆ! ಮತ್ತೆ ಲೆಕ್ಕಕ್ಕೆ ಯಾಕೆ ಬಂದಿಲ್ಲ?”

ನಾನು ಕನ್ನಡಕ ಒರೆಸಿಕೊಂಡು ಸಾಲಿನ ಮೇಲೆ ಬೆರಳಾಡಿಸಿದೆ. ಹೆಸರು ಸರಿ, ಪತ್ರಿಕೆ ಸರಿ, ಸಂಪುಟ ಸರಿ. ಪುಟ: ೨೧೪.

“ಏ ಇರುವೆ, ನಮ್ಮ ಹುಡುಗಿ ಪ್ರಬಂಧ ಯಾವ ಪುಟದಲ್ಲಿತ್ತು?”

ಅವಳು ಕಪಾಟಿನಿಂದ ರಟ್ಟು ಹಾಕಿದ ಹಳೆಯ ಸಂಪುಟ ತಂದಳು. ಪ್ರಬಂಧ ಶುರುವಾಗಿದ್ದುದು ಇನ್ನೂರ ನಲವತ್ತೊಂದನೆಯ ಪುಟದಲ್ಲಿ. ಹಾಗಾದರೆ ಇನ್ನೂರ ಹದಿನಾಲ್ಕರಲ್ಲಿ ಏನಿದೆ? ತೆಗೆದು ನೋಡಿದರೆ, ಯಾವುದೋ ಸಮ್ಮೇಳನಕ್ಕೆ ಬರುವ ವೈದ್ಯರು ತಮ್ಮ ವಾಹನಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬ ಸೂಚನೆ.

ಇರುವೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಹದಿನೆಂಟು ವರ್ಷದಿಂದ ಇಷ್ಟೊಂದು ಡಾಕ್ಟರುಗಳು ಕಾರ್ ನಿಲ್ಸೋ ಜಾಗನ ಉಲ್ಲೇಖ ಮಾಡ್ತಾ ಬಂದಿದಾರಲ್ಲ ಮೇಡಂ!”

“ನಗಬೇಡ, ನನಗೂ ನಗು ಬರುತ್ತೆ. ಯಾರೋ ಒಬ್ಬರು ಪುಟ ತಪ್ಪಾಗಿ ಬರೆದಿದಾರೆ. ಮಿಕ್ಕವರು ಮೂಲ ತೆಗೆದು ನೋಡದೆ ಅವರ ಪಟ್ಟಿನೇ ನಕಲು ಮಾಡಿದಾರೆ. ಮುಂದಿನ ಕುರಿ ಹಳ್ಳಕ್ಕೆ ಬಿದ್ರೆ ಮಂದೆ ಎಲ್ಲ ಹಳ್ಳಕ್ಕೆ.”

ಪುಟದ ಸಂಖ್ಯೆ ತಾಳೆಯಾಗದ್ದರಿಂದ ಕಂಪ್ಯೂಟರು ಆ ಉಲ್ಲೇಖಗಳನ್ನೆಲ್ಲ ಯಾರದೂ ಅಲ್ಲದ ಬೇರೊಂದು ಬುಟ್ಟಿಗೆ ಎಸೆದಿತ್ತು. ಇರುವೆ ಆ ಬುಟ್ಟಿಯನ್ನು ಹುಡುಕಿ ತೆಗೆದಳು. ಒಟ್ಟು ನೂರ ಎಪ್ಪತ್ತಾರು! ನಮಗೆ ಬೇಕಿದ್ದುದು ನೂರ ಮೂವತ್ತೊಂಬತ್ತು. ಆ ವಯಸ್ಸಿನಲ್ಲೂ ಕುಣಿದುಬಿಡೋಣವೆನ್ನಿಸಿತು, ಮಂಡಿ ಬಿಡಲಿಲ್ಲ.

ಉಲ್ಲೇಖಗಳ ಲೆಕ್ಕ ಇಡುವ ಕಚೇರಿಗೆ ಬರೆದು ತಿದ್ದಿಸಿಕೊಳ್ಳಲು ಆರು ವಾರ ಬೇಕು. ನಮಗಿದ್ದುದು ಮೂರೇ ತಾಸು. ಪ್ರತಿಯೊಂದು ಪ್ರಬಂಧದ ಕೊನೆಯ ಪುಟವನ್ನೂ ಅಚ್ಚು ತೆಗೆದು, ಸೊಸೆಯ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಗ್ರಂಥಾಲಯದ ಮೊಹರು ಒತ್ತಿ ಕೊಡುವುದೆಂದು ತೀರ್ಮಾನಿಸಿದೆವು. ಇರುವೆ ಅಚ್ಚು ತೆಗೆದಳು, ನಾನು ಗೆರೆ ಎಳೆದೆ. ಓದಲು ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು ಕೇಳದೆಯೇ ಬಂದು ಹಾಳೆಗಳನ್ನು ವರ್ಷದ ಪ್ರಕಾರ ಜೋಡಿಸಿದರು. ನೂರು ದಾಟಿದಾಗ ಯಂತ್ರದಲ್ಲಿ ಹಾಳೆ ಸಿಕ್ಕಿಹಾಕಿಕೊಂಡಿತು. ಇರುವೆ ಅದಕ್ಕೊಂದು ಗುದ್ದು ಕೊಟ್ಟು, “ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ನಡಿಯೋ ಮಾರಾಯ,” ಎಂದಳು. ನಡೆಯಿತು.

ಸರಿಯಾದ ಪುಟ ಬರೆದಿದ್ದ ಹದಿನಾಲ್ಕನ್ನೂ ನೋಡಿದೆ. ಅವುಗಳಲ್ಲಿ ಎಷ್ಟೋ ಹೆಸರು ನನಗೆ ಪರಿಚಿತ. ನಾನು ಲಕೋಟೆಯ ಮೇಲೆ ವಿಳಾಸ ಬರೆದಿದ್ದ ಜನ. ಪಾಪ, ಓದಿ ಬರೆದವರು ಅವರು.

ಒಂದೂಮುಕ್ಕಾಲಿಗೆ ಕಟ್ಟು ಸಿದ್ಧವಾಯಿತು. ಎಲ್ಲಕ್ಕಿಂತ ಮೇಲಿದ್ದುದು ಎಲ್ಲಕ್ಕಿಂತ ಹಳೆಯದು, ಅಂದರೆ ಆ ತಪ್ಪನ್ನು ಮೊಟ್ಟಮೊದಲು ಮಾಡಿದ್ದು. ಅದು ಸೊಸೆಯದೇ ಎರಡನೆಯ ಪ್ರಬಂಧ. ತನ್ನ ಮೊದಲ ಪ್ರಬಂಧವನ್ನು ಉಲ್ಲೇಖಿಸುವಾಗ ಅದರಲ್ಲಿ ೨೪೧ರ ಬದಲು ೨೧೪ ಎಂದು ಅಚ್ಚಾಗಿತ್ತು. ಅದರ ಕೆಳಗೆ ಒಂದು ಸಾಲಿತ್ತು: ‘ಉಲ್ಲೇಖ ಪಟ್ಟಿಯನ್ನು ಸಿದ್ಧಪಡಿಸಿ ಪರಿಶೀಲಿಸಿದ ಗ್ರಂಥಪಾಲಕಿಗೆ ಕೃತಜ್ಞತೆಗಳು.’

ಆ ಗ್ರಂಥಪಾಲಕಿ ನಾನು.

ನನಗೆ ಎಲ್ಲವೂ ನೆನಪಾಯಿತು. ಆಗ ಮೊಮ್ಮಗಳಿಗೆ ಎರಡು ತಿಂಗಳು. ಸೊಸೆ ಶಸ್ತ್ರಚಿಕಿತ್ಸೆಗೆ ಹೋಗಿದ್ದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಪಟ್ಟಿ ಟೈಪ್ ಮಾಡಿದ್ದೆ. ಇಡೀ ಕಾಲೇಜಿನ ಪ್ರಬಂಧಗಳ ತಪ್ಪು ಹುಡುಕುತ್ತಿದ್ದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇರುವೆ ಕಟ್ಟನ್ನು ಸಮಿತಿಯ ಕಚೇರಿಗೆ ಒಯ್ದಳು. ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದೆ. ಮೂರಕ್ಕೆ ಸ್ವಲ್ಪ ಮುಂಚೆ ಸಮಿತಿಯ ಕೋಣೆಯ ಹೊರಗೆ ಸೊಸೆ ಸಿಕ್ಕಳು. ಇರುವೆ ಸುದ್ದಿ ಮುಟ್ಟಿಸಿದ್ದಳೆಂದು ಕಾಣುತ್ತದೆ, ಅವಳ ಮುಖ ಕೆಂಪೇರಿತ್ತು. “ಐನೂರ ಮೂವತ್ತೇಳಂತೆ ಅತ್ತೆ!” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಮೊದಲು ನನ್ನ ಮಾತು ಕೇಳು. ಆ ತಪ್ಪು ಮಾಡಿದ್ದು ನಾನೇ ಕಣೇ.”

ಅವಳು ಕೈ ಬಿಡಲಿಲ್ಲ. “ಗೊತ್ತು.”

“ಏನು ಗೊತ್ತು?”

“ಅಚ್ಚಾಗಿ ಬಂದ ದಿನಾನೇ ನೋಡಿದ್ದೆ. ನೀವು ಆ ಕೃತಜ್ಞತೆ ಸಾಲನ್ನ ಲೈಬ್ರರಿಗೆ ಬಂದವರಿಗೆಲ್ಲ ತೋರಿಸ್ತಾ ಇದ್ರಿ. ಜವಾನನಿಗೂ ತೋರಿಸಿದ್ರಿ. ಹೆಂಗೆ ಹೇಳ್ಲಿ?”

“ಅಯ್ಯೋ ಹುಚ್ಚಿ! ಹೇಳಿದ್ದಿದ್ರೆ ಮುಂದಿನ ಸಂಚಿಕೇಲೇ ತಿದ್ದುಪಡಿ ಹಾಕಿಸ್ತಿರಲಿಲ್ವಾ?”

“ಪುಟದ ನಂಬರ್ ತಾನೇ ಅಂದ್ಕೊಂಡೆ. ಓದೋರು ಸಂಪುಟ ತೆಗೆದು ನೋಡ್ತಾರೆ ಅಂದ್ಕೊಂಡೆ.”

“ಯಾರು ನೋಡ್ತಾರೆ? ಡಾಕ್ಟರುಗಳು ಕಣೇ, ನಿನ್ನಂಥವರೇ!”

ಅವಳು ನಕ್ಕುಬಿಟ್ಟಳು. ನನ್ನ ಕಣ್ಣು ಮಾತ್ರ ತುಂಬಿ ಬಂತು. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಉಂಡಿದ್ದೇವೆ, ಜಗಳವನ್ನೂ ಆಡಿದ್ದೇವೆ. ಎಂಥ ಜಗಳದಲ್ಲೂ ಇವಳ ಬಾಯಿಂದ ಈ ಮಾತು ಬಂದಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮೊಹರು ಒತ್ತಿದ ಗ್ರಂಥಾಲಯದವರೂ ಬರಬೇಕಂತೆ. ಇರುವೆಯ ಜೊತೆ ನಾನೂ ಒಳಗೆ ಹೋದೆ. ಉದ್ದ ಮೇಜಿನ ಸುತ್ತ ಐವರು. ದೊಡ್ಡವರ ವಿಭಾಗದ ಗಡ್ಡದ ಪ್ರೊಫೆಸರು ಕಟ್ಟನ್ನು ಬೆರಳ ತುದಿಯಿಂದ ಆಚೆ ತಳ್ಳಿದರು.

“ತಪ್ಪು ಶುರುವಾಗಿದ್ದು ಇವರ ಪ್ರಬಂಧದಿಂದಲೇ. ತಮ್ಮ ತಪ್ಪಿನ ಲಾಭ ತಾವೇ ಹೆಂಗೆ ಕೇಳ್ತಾರೆ?”

“ಹೌದು, ತಪ್ಪು ನನ್ನದೇ,” ಎಂದಳು ಸೊಸೆ. “ಪ್ರಬಂಧದ ಮೇಲಿರೋದು ನನ್ನ ಹೆಸರು.”

“ಅಲ್ಲ ಸ್ವಾಮಿ, ಟೈಪ್ ಮಾಡಿದ್ದು ನಾನು,” ಎಂದೆ. “ಲಾಭ ಅಂದ್ರಲ್ಲ, ಇಷ್ಟು ವರ್ಷ ಆಗಿದ್ದು ನಷ್ಟ. ಅಲ್ಲಿರೋದು ಇವಳು ಗಳಿಸಿದ್ದೇ. ಬೇರೆಯವರದ್ದು ಒಂದೂ ಇಲ್ಲ.”

ಪರಸ್ಥಳದಿಂದ ಬಂದಿದ್ದ ಅಧ್ಯಕ್ಷರು, ಅವರೂ ಮಕ್ಕಳ ಶಸ್ತ್ರವೈದ್ಯರೇ, ಹಾಳೆ ಮಗುಚುತ್ತಿದ್ದರು. ನಡುವೆ ಒಂದು ಹಾಳೆಯಲ್ಲಿ ಅವರ ಕೈ ನಿಂತಿತು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಇದು ನನ್ನದು,” ಎಂದರು ಮೆಲ್ಲಗೆ.

ಆ ಹಾಳೆಯನ್ನು ಎತ್ತಿ ಗಡ್ಡದ ಪ್ರೊಫೆಸರ ಮುಂದಿಟ್ಟರು.

“ಏಳು ವರ್ಷದ ಹಿಂದಿನದು. ನಾನೂ ಇನ್ನೂರ ಹದಿನಾಲ್ಕು ಅಂತಾನೇ ಬರೆದಿದೀನಿ. ಸಂಪುಟ ತೆಗೆದು ನೋಡಿರಲಿಲ್ಲ, ಒಪ್ಕೋತೀನಿ. ಆದ್ರೆ ಈ ವಿಧಾನ ನಂಬಿ ಕೂಸುಗಳಿಗೆ ಆಪರೇಷನ್ ಮಾಡಿದೀನಲ್ಲ, ಅದು ಸುಳ್ಳಲ್ಲ. ಆ ಕೂಸುಗಳೆಲ್ಲ ಈಗ ಶಾಲೆಗೆ ಹೋಗ್ತಿವೆ ಪ್ರೊಫೆಸರೇ. ಲೆಕ್ಕಕ್ಕೆ ತಗೋಬೇಡಿ ಅಂತ ಅವುಗಳಿಗೆ ನೀವೇ ಹೇಳಿ ಬರ್ತೀರಾ?”

ಗಡ್ಡದ ಪ್ರೊಫೆಸರು ಗಡ್ಡ ಸವರಿಕೊಂಡರು. ಅಧ್ಯಕ್ಷರು ನಮ್ಮನ್ನು ಹೊರಗೆ ಕಾಯಲು ಹೇಳಿದರು.

ಹೊರಗೆ ಬಂದು ಐದು ನಿಮಿಷವೂ ಆಗಿರಲಿಲ್ಲ, ವಾರ್ಡಿನಿಂದ ಫೋನ್ ಬಂತು. ಒಂಬತ್ತು ದಿನಗಳ ಹಿಂದೆ ಅನ್ನನಾಳ ಜೋಡಿಸಿದ್ದ ಕೂಸಿಗೆ ಅಂದು ಮೊದಲ ಸಲ ಬಾಯಿಂದ ಹಾಲು ಕೊಡಬೇಕಿತ್ತು. ಅದು ಹಸಿದು ಚೀರುತ್ತಿತ್ತಂತೆ. “ಫಲಿತಾಂಶ ನೀವೇ ಕೇಳ್ಕೊಂಡು ಬನ್ನಿ ಅತ್ತೆ,” ಎಂದವಳು ಓಡಿಯೇಹೋದಳು.

ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಅಧ್ಯಕ್ಷರೇ ಹೊರಗೆ ಬಂದು, ನಾನು ಏಳಲು ಹೋದರೆ ಬೇಡವೆಂದು ಭುಜ ಹಿಡಿದು ಕೂರಿಸಿ, ಪಕ್ಕದಲ್ಲಿ ಕೂತು ಎರಡೇ ಮಾತು ಹೇಳಿದರು. ಮೂರನೆಯದಕ್ಕೆ ನಾನು ಕಾಯಲಿಲ್ಲ. ಇರುವೆಯ ತೋಳು ಹಿಡಿದು ವಾರ್ಡಿನತ್ತ ನಡೆದೆ. ನಡೆದೆ ಎಂದರೇನು, ಮಂಡಿಯನ್ನು ಮರೆತು ಓಡಿದೆ ಎಂದೇ ಹೇಳಬೇಕು.

ಗಾಜಿನ ಆಚೆ ಸೊಸೆ ಕೂಸನ್ನು ಎದೆಗೆ ಒರಗಿಸಿಕೊಂಡು, ಸಣ್ಣ ಚಮಚದಲ್ಲಿ ಹಾಲು ಹಿಡಿದು ಕೂತಿದ್ದಳು. ಕೂಸಿನ ತಾಯಿ ಉಸಿರು ಬಿಗಿಹಿಡಿದು ನಿಂತಿದ್ದಳು. ಸೊಸೆ ನನ್ನನ್ನು ಕಂಡಳು. ಕಂಡರೂ ತಡೆಯಿರಿ ಎಂದು ಕಣ್ಣಲ್ಲೇ ಹೇಳಿ ಮತ್ತೆ ಕೂಸಿನ ಕಡೆ ತಿರುಗಿದಳು. ಚಮಚ ತುಟಿಗೆ ತಾಗಿತು. ಕೂಸು ಮುಖ ಕಿವಿಚಿತು, ನಾಲಗೆ ಆಡಿಸಿತು, ಆಮೇಲೆ ಗುಟುಕರಿಸಿತು. ಕೆಮ್ಮಲಿಲ್ಲ. ಇನ್ನಷ್ಟು ಬೇಕೆಂದು ಬಾಯಿ ತೆರೆಯಿತು. ತಾಯಿ ನರ್ಸಿನ ಹೆಗಲಿಗೆ ಮುಖ ಒತ್ತಿಕೊಂಡಳು.

ಆಗ ಸೊಸೆ ತಲೆಯೆತ್ತಿ, ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ಗಾಜಿನಿಂದಾಚೆಗೆ ನನ್ನ ದನಿ ಕೇಳಿಸುವಂತಿರಲಿಲ್ಲ. ಎರಡೂ ಕೈ ಮೇಲೆತ್ತಿ, ತೊಟ್ಟಿಲಿಗೊಂದರಂತೆ ಹತ್ತೂ ಬೆರಳನ್ನು ಅಗಲಿಸಿ ತೋರಿಸಿದೆ.